ಬಸಳೆ ಎಷ್ಟಕ್ಕೆ ಹೋಯಿತು?

ಪ್ರಸಂಗ ಇಪ್ಪತ್ತು ನಿಮಿಷ ದಾಟಿತೆಂದರೆ ನಮ್ಮ ಸಭೆಯಲ್ಲಿ ಕೆಮ್ಮು ಶುರುವಾಗುತ್ತದೆ. ಮೊದಲು ಗಂಡಸರ ಸಾಲಿನಿಂದ ಒಂದು, ಅದಕ್ಕೆ ಉತ್ತರವೆಂಬಂತೆ ಹೆಂಗಸರ ಸಾಲಿನಿಂದ ಇನ್ನೊಂದು. ಇಪ್ಪತ್ತೈದಾದರೆ ಕದ್ದು ಗಡಿಯಾರ ನೋಡುತ್ತಿದ್ದವರು ರಾಜಾರೋಷವಾಗಿ ನೋಡತೊಡಗುತ್ತಾರೆ. ಇದೇ ಜನ ವರ್ಷಕ್ಕೊಂದು ಭಾನುವಾರ, ಆರಾಧನೆ ಮುಗಿದ ಮೇಲೂ, ಅಂಗಳದ ಶಾಮಿಯಾನದ ಅಡಿಯಲ್ಲಿ ಬೆವರು ಒರೆಸಿಕೊಳ್ಳುತ್ತಾ ಮೂರು ಗಂಟೆ ಹೊತ್ತು ಕುರ್ಚಿ ಬಿಟ್ಟು ಏಳುವುದಿಲ್ಲ. ಆ ದಿನ ಒಬ್ಬರಿಗೂ ಕೆಮ್ಮು ಇರುವುದಿಲ್ಲ. ಅದು ಸುಗ್ಗಿ ಹಬ್ಬದ ಏಲಂ.

ಈ ಹಬ್ಬ ಗೊತ್ತಿಲ್ಲದವರಿಗೆ ಎರಡು ಮಾತು. ನಾನು ಕರಾವಳಿಯ ಒಂದು ಸಣ್ಣ ಸಿಎಸ್‌ಐ ಸಭೆಯ ಸಭಾಪಾಲಕ. ಸಭೆಯವರಿಗೆ ‘ಅಯ್ಯನವರು’, ಊರವರಿಗೆ ‘ಪಾದ್ರಿ’, ರಿಕ್ಷಾದವರಿಗೆ ‘ಫಾದರ್’. ಮೂರಕ್ಕೂ ಓಗೊಡುತ್ತೇನೆ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನಿನ ಬೇರಿನಿಂದ ಚಿಗುರಿದ ಸಭೆಗಳಲ್ಲಿ ನಮ್ಮದೂ ಒಂದು. ಮಾಡಿನ ಹೆಂಚು ಕೂಡ ಅವರು 1865ರಲ್ಲಿ ಮಂಗಳೂರಿನಲ್ಲಿ ಶುರು ಮಾಡಿದ ಹೆಂಚಿನ ಕಾರ್ಖಾನೆಯದೇ. ಮಳೆಗಾಲದಲ್ಲಿ ಎರಡು ಕಡೆ ಸೋರುತ್ತದೆ, ಅದಕ್ಕೆ ಮಿಶನರಿಗಳನ್ನು ದೂರುವಂತಿಲ್ಲ. ಗದ್ದೆ ಕೊಯ್ಲಾದ ಮೇಲೆ ಒಂದು ಭಾನುವಾರ ಜನ ತಮ್ಮ ಬೆಳೆಯಲ್ಲಿ ಒಂದು ಪಾಲು ತಂದು ದೇವಾಲಯದಲ್ಲಿ ಇಡುತ್ತಾರೆ. ಕೃತಜ್ಞತೆಯ ಪ್ರಾರ್ಥನೆಯಾಗುತ್ತದೆ. ಆಮೇಲೆ ಅದಷ್ಟನ್ನೂ ಅಂಗಳಕ್ಕೆ ಸಾಗಿಸಿ ಏಲಂ ಹಾಕುತ್ತೇವೆ. ಬಂದ ಹಣ ಸಭೆಯ ಖರ್ಚಿಗೆ, ಬಡವರ ನಿಧಿಗೆ. ಬಾಳೆಗೊನೆಯನ್ನು ಬ್ಯಾಂಕಿಗೆ ಕಟ್ಟಲಾಗುವುದಿಲ್ಲವಲ್ಲ, ಅದಕ್ಕೆ ಈ ಉಪಾಯ.

ಹೊಸ ಬೆಳೆಯನ್ನು ಮೊದಲು ದೇವರಿಗೆ ತೋರಿಸುವ ರೂಢಿ ನಮ್ಮೊಬ್ಬರದೇ ಅಲ್ಲ. ನೆರೆಯ ಕೊಂಕಣಿ ಕಥೊಲಿಕರು ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಭತ್ತದ ತೆನೆ ಮನೆಗೆ ತಂದು ಹೊಸ ಅಕ್ಕಿ ಉಣ್ಣುತ್ತಾರೆ. ತುಳುವರು ಮನೆಗೆ ಕದಿರು ಕಟ್ಟಿ ಹೊಸತು ಊಟ ಮಾಡುತ್ತಾರೆ. ಘಟ್ಟದ ಮೇಲೆ ಕೊಡಗಿನಲ್ಲಿ ಪುತ್ತರಿ. ಮೋಶೆಯ ಧರ್ಮಶಾಸ್ತ್ರವೂ ಮೊದಲ ಸಿವುಡನ್ನು ದೇವರ ಮುಂದೆ ತರಬೇಕೆಂದು ವಿಧಿಸುತ್ತದೆ. ಜೊತೆಗೆ ಹೊಲದ ಅಂಚನ್ನು ಪೂರ್ತಿ ಕೊಯ್ಯದೆ ಬಡವನಿಗೂ ಪರದೇಶಿಗೂ ಬಿಡಬೇಕೆಂದೂ ಹೇಳುತ್ತದೆ. ಈ ಎರಡನೆಯ ಮಾತನ್ನು ಸುಗ್ಗಿ ಹಬ್ಬದ ದಿನ ನಾವು ಕೊಂಚ ಮೆಲುದನಿಯಲ್ಲಿ ಓದುತ್ತೇವೆ.

ಈಗ ನಮ್ಮ ಕಡೆ ಗದ್ದೆ ಕಡಿಮೆ, ಹಬ್ಬ ಜೋರು. ಗದ್ದೆಯಿದ್ದಲ್ಲಿ ಅಡಿಕೆ ತೋಟ ಎದ್ದಿದೆ, ತೋಟವಿದ್ದಲ್ಲಿ ಮನೆ. ಹಾಗಾಗಿ ಕಾಣಿಕೆಯ ಮೇಜಿನ ಮೇಲೆ ತೆಂಗು, ಬಾಳೆ, ಸುವರ್ಣಗೆಡ್ಡೆಗಳ ನಡುವೆ ಸ್ಟಿಕರ್ ಹಚ್ಚಿದ ಸೇಬು ಕೂಡ ನಗುತ್ತಾ ಕುಳಿತಿರುತ್ತದೆ. ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗನೊಬ್ಬ ಒಮ್ಮೆ ಕೇಳಿದ: “ಅಯ್ಯನವರೇ, ನನ್ನ ಬೆಳೆ ಸಂಬಳ. ಅದು ತಿಂಗಳ ಕೊನೆಗೆ ಬರ್ತದೆ. ಹಬ್ಬ ಎರಡನೇ ವಾರ ಇಟ್ಟರೆ ನಾನು ಎಂತ ತರುವುದು?” ಪ್ರಶ್ನೆ ನ್ಯಾಯವಾದದ್ದು. ಮುಂದಿನ ಭಾನುವಾರ ಅವನು ಐದು ಕಿಲೋ ಕುಚ್ಚಲಕ್ಕಿ ತಂದ. ಚೀಲದ ಮೇಲೆ ಅಂಗಡಿಯ ಬೆಲೆ ಚೀಟಿ ಹಾಗೇ ಇತ್ತು. ಏಲಂನಲ್ಲಿ ಅದಕ್ಕಿಂತ ಕಡಿಮೆಗೆ ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಏಲಂ ಕೂಗುವವರು ನಮ್ಮ ಸಭಾ ಹಿರಿಯರಲ್ಲಿ ಒಬ್ಬರು, ನಿವೃತ್ತ ಡ್ರಿಲ್ ಮಾಸ್ಟ್ರು. ಮೈಕು ಅವರಿಗೆ ಅವಮಾನ. ತೆಂಗಿನಕಾಯಿಯೊಂದನ್ನು ಎತ್ತಿ ಹಿಡಿದು, “ನೂರು ರೂಪಾಯಿ ಒಂದು ಸಲ” ಎಂದರೆ ಆಚೆ ರಸ್ತೆಯ ಬಸ್ ಸ್ಟ್ಯಾಂಡಿನವರೂ ತಿರುಗಿ ನೋಡುತ್ತಾರೆ. ಹೀಗೆ ಏಲಂ ಆದ ಕಾಯಿಯನ್ನು ಗೆದ್ದವರು ಮನೆಗೆ ಒಯ್ಯುವುದಿಲ್ಲ. “ಸಭೆಗೆ ವಾಪಸ್” ಎಂದು ಮರಳಿಸುತ್ತಾರೆ. ಅದು ಮತ್ತೆ ಏಲಂಗೆ ಬರುತ್ತದೆ. ಒಂದು ವರ್ಷ ಒಂದೇ ಕಾಯಿ ಏಳು ಸಲ ಮಾರಾಟವಾಯಿತು. ಏಳನೆಯವರು ಅದನ್ನು ಮನೆಗೊಯ್ದು ಒಡೆದು ನೋಡಿದರೆ ಕೊಳೆತಿತ್ತಂತೆ. ಅವರಿಗೆ ಬೇಸರವಿಲ್ಲ, ಈಗಲೂ ನಗುತ್ತಾ ಹೇಳುತ್ತಾರೆ.

ಮಸ್ಕತ್ತಿನಲ್ಲಿರುವ ಮಗನೊಬ್ಬ ವಾಟ್ಸ್‌ಆ್ಯಪ್ ವಿಡಿಯೋದಲ್ಲಿ ಏಲಂಗೆ ಹಾಜರಾಗುತ್ತಾನೆ. ಅವನಿಗೆ ಬೇಕಾದ್ದು ಅಮ್ಮ ಮಾಡಿದ ಹಲಸಿನ ಹಪ್ಪಳ. ಹೋದ ವರ್ಷ ಅವನು “ಐನೂರು” ಎಂದ. ನೆಟ್‌ವರ್ಕ್ ನಿಧಾನ. ಮಾಸ್ಟ್ರು “ಐನೂರು” ಎಂದು ಕೂಗಿದ್ದು ಅವನಿಗೆ ನಾಲ್ಕು ಸೆಕೆಂಡು ತಡವಾಗಿ ಕೇಳಿತು. ಬೇರೆ ಯಾರೋ ತನ್ನಷ್ಟೇ ಕೂಗಿದರೆಂದುಕೊಂಡು “ಆರುನೂರು” ಎಂದ. ಹೀಗೆ ತನ್ನ ಮೇಲೆ ತಾನೇ ಏರಿಸುತ್ತಾ ಒಂಬೈನೂರಕ್ಕೆ ಮುಟ್ಟುವ ಹೊತ್ತಿಗೆ ಅವನ ಅಮ್ಮ ಎದ್ದು ನಿಂತು, “ಮಾಸ್ಟ್ರೇ, ಸಾಕು ಮಾಡಿ, ಮಗುವಿಗೆ ಸಂಬಳ ಕಡಿಮೆ” ಎಂದರು. ಹುಂಜದ ಸರದಿ ಬಂದಾಗ ಮಾತ್ರ ನಾನು ಸ್ವಲ್ಪ ದೂರ ಹೋಗಿ ನಿಲ್ಲುತ್ತೇನೆ. ನಮ್ಮದು ಕೋಳಿ ಅಂಕದ ಸೀಮೆ. ಕಾಲು, ಕೊಕ್ಕು, ಬಣ್ಣ ಪರೀಕ್ಷಿಸಿ ಕೂಗುವವರಿಗೆ ಅದು ಸಾರಿಗಾಗಿಯೋ ಇನ್ನಾವುದಕ್ಕಾಗಿಯೋ ಎಂದು ಸಭಾಪಾಲಕರು ಕೇಳಬಾರದು.

ಪೇಟೆಯಲ್ಲಿ ಒಂದು ರೂಪಾಯಿಗೆ ಚೌಕಾಸಿ ಮಾಡುವವರು ಇಲ್ಲೇಕೆ ಹೀಗೆ ಕೈ ಬಿಚ್ಚುತ್ತಾರೆ? ಭಕ್ತಿ ಎಂದು ಹೇಳಿ ನಾನು ಸುಮ್ಮನಾಗಬಹುದು. ಆದರೆ ಅರ್ಥಶಾಸ್ತ್ರದವರಿಗೂ ಇದರಲ್ಲಿ ಆಸಕ್ತಿಯಿದೆ. ಹರಾಜಿನ ಒಳಮರ್ಮ ಅಧ್ಯಯನ ಮಾಡಿದ್ದಕ್ಕೇ 2020ರಲ್ಲಿ ಪಾಲ್ ಮಿಲ್‌ಗ್ರಮ್ ಮತ್ತು ರಾಬರ್ಟ್ ವಿಲ್ಸನ್ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಸಾಮಾನ್ಯ ಹರಾಜಿನಲ್ಲಿ ಗೆದ್ದವನಿಗೆ ಒಂದು ಅಳುಕು ಇರುತ್ತದೆ: ಉಳಿದವರೆಲ್ಲ ಬಿಟ್ಟ ಬೆಲೆಗೆ ನಾನೊಬ್ಬನೇ ಹಿಡಿದೆನೆಂದರೆ ಮೋಸ ಹೋದೆನೋ ಎಂದು. ಇದಕ್ಕೆ ‘ವಿಜೇತನ ಶಾಪ’ ಎಂದು ಹೆಸರು. ಧರ್ಮಕಾರ್ಯದ ಹರಾಜಿನಲ್ಲಿ ಲೆಕ್ಕ ತಿರುಗುಮುರುಗು. ನಾನು ಸೋತರೂ, ನನ್ನಿಂದಾಗಿ ಬೆಲೆ ಏರಿದರೆ ಆ ಹಣ ನನ್ನ ಸಭೆಗೇ ಬರುತ್ತದೆ. ಆದ್ದರಿಂದ ಕೊಳ್ಳುವ ಮನಸ್ಸಿಲ್ಲದವನೂ ಪಕ್ಕದವನನ್ನು ಮೇಲಕ್ಕೆ ಹತ್ತಿಸುವ ಮಟ್ಟಿಗೆ ಕೂಗುತ್ತಾನೆ. ಎಲ್ಲಿ ನಿಲ್ಲಿಸಬೇಕೆಂಬುದು ಅನುಭವದ ಮಾತು. ನಮ್ಮ ಖಜಾಂಚಿ ಹೀಗೆ ಭಾವನನ್ನು ಹತ್ತಿಸಲು ಹೋಗಿ ತಾನೇ ಒಂಟಿಯಾಗಿ ಮೇಲೆ ಉಳಿದು, ಮೂರು ಗೊನೆ ಕದಳಿ ಬಾಳೆ ಹೊತ್ತುಕೊಂಡು ಹೋದದ್ದುಂಟು. ಆ ವಾರವೆಲ್ಲ ಅವರ ಮನೆಗೆ ಹೋದವರಿಗೆ ಬಾಳೆಹಣ್ಣಿನ ಹಲ್ವ.

ಅಂದ ಹಾಗೆ ‘ಏಲಂ’ ಎಂಬ ಪದಕ್ಕೂ ನನಗೂ ನೆಂಟಸ್ತಿಕೆಯಿದೆ. ನಮ್ಮ ಏಲಂ, ಉತ್ತರ ಕರ್ನಾಟಕದ ಲಿಲಾವು, ಮಲಯಾಳದ ಲೇಲಂ ಇವುಗಳ ಮೂಲ ಪೋರ್ಚುಗೀಸರ ‘ಲೈಲಾವ್’ ಎನ್ನುತ್ತಾರೆ. ‘ಪಾದ್ರಿ’ಯೂ ಅವರದೇ. ಅಂದರೆ ಪಾದ್ರಿಯೂ ಏಲಮ್ಮೂ ಒಂದೇ ಹಡಗಿನಲ್ಲಿ ಬಂದಿಳಿದವರು. ಅನಾನಸು, ಗೇರುಬೀಜ ಕೂಡ ಬ್ರೆಜಿಲ್ಲಿನ ಕಡೆಯಿಂದ ಪೋರ್ಚುಗೀಸರ ಜೊತೆ ಬಂದವು. ಅವುಗಳನ್ನೆಲ್ಲ ಏಲಂ ಹಾಕುವ ಮೇಜಿಗೂ ಆ ಹೆಸರು ಕೊಟ್ಟವರು ಅವರೇ ಎನ್ನುತ್ತಾರೆ. ಕನ್ನಡ ಕ್ರೈಸ್ತರು ‘ಪರಕೀಯ’ ಎಂದು ಯಾರಾದರೂ ಹೇಳಿದರೆ, ಅವರ ಜೇಬಿನಲ್ಲಿರುವ ಚಾವಿಯನ್ನೊಮ್ಮೆ ತೋರಿಸಲು ಹೇಳುತ್ತೇನೆ. ಅದೂ ಪೋರ್ಚುಗೀಸರ ಪದ.

ನಮ್ಮ ಸುಗ್ಗಿ ಹಬ್ಬದ ಈಗಿನ ರೂಪಕ್ಕೆ ಮಾತ್ರ ಬೇರೆ ದಾರಿಯ ಕತೆಯಿದೆ. ಇಂಗ್ಲೆಂಡಿನ ಕಾರ್ನ್‌ವಾಲ್ ಕರಾವಳಿಯಲ್ಲಿ ಮಾರ್ವೆನ್‌ಸ್ಟೋ ಎಂಬ ಹಳ್ಳಿ. 1834ರಲ್ಲಿ ಅಲ್ಲಿಗೆ ಪಾದ್ರಿಯಾಗಿ ನೇಮಕವಾದವನು ರಾಬರ್ಟ್ ಸ್ಟೀಫನ್ ಹಾಕರ್. ಕಪ್ಪು ನಿಲುವಂಗಿ ಬಿಟ್ಟು ಮೀನುಗಾರರ ನೀಲಿ ಅಂಗಿ, ಉದ್ದನೆಯ ಬೂಟು ತೊಟ್ಟು ತಿರುಗುತ್ತಿದ್ದ. ಭಾನುವಾರ ಇಲಿ ಹಿಡಿದ ತಪ್ಪಿಗೆ ತನ್ನ ಬೆಕ್ಕನ್ನು ಸಭೆಯಿಂದ ಬಹಿಷ್ಕರಿಸಿದನೆಂದು ದಂತಕತೆ. 1843ರ ಅಕ್ಟೋಬರಿನಲ್ಲಿ ಅವನು ಹೊಸ ಗೋಧಿಯ ರೊಟ್ಟಿಯಿಂದಲೇ ಕರ್ತನ ಭೋಜನ ಮಾಡೋಣ ಬನ್ನಿ ಎಂದು ಹಳ್ಳಿಯವರನ್ನು ಕರೆದ. ಇಂದಿನ ಸುಗ್ಗಿ ಹಬ್ಬದ ಆರಾಧನೆಗೆ ಅದೇ ನಾಂದಿ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅದೇ ವರ್ಷ ಇಲ್ಲಿ ಮೋಗ್ಲಿಂಗ್ ಪಾದ್ರಿಗಳು ಮಂಗಳೂರಿನಿಂದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಡಿಸಿದರು. ಪಾದ್ರಿಗಳಿಗೆ 1843 ಒಳ್ಳೆಯ ವರ್ಷವಾಗಿತ್ತೆಂದು ಕಾಣುತ್ತದೆ.

ಹಾಕರನ ಬೆಕ್ಕಿನ ಕತೆ ಕೇಳಿ ನಗುವವರು ಅವನ ಇನ್ನೊಂದು ಕೆಲಸವನ್ನೂ ತಿಳಿದಿರಬೇಕು. ಆ ಕರಾವಳಿ ಹಡಗುಗಳಿಗೆ ಮೃತ್ಯುಸ್ಥಾನ. ದಡಕ್ಕೆ ಬಿದ್ದ ಅನಾಥ ಹೆಣಗಳನ್ನು ಮರಳಿನಲ್ಲೇ ಹುಗಿದು ಕೈ ತೊಳೆದುಕೊಳ್ಳುವುದು ರೂಢಿಯಾಗಿದ್ದ ಕಾಲದಲ್ಲಿ ಹಾಕರ್ ಬಂಡೆಗಳ ಬುಡಕ್ಕೆ ಇಳಿದು, ಒಂದೊಂದನ್ನೂ ಮೇಲಕ್ಕೆ ತರಿಸಿ, ದೇವಾಲಯದ ಅಂಗಳದಲ್ಲಿ ವಿಧಿಪೂರ್ವಕ ಮಣ್ಣು ಮಾಡಿಸುತ್ತಿದ್ದ. 1842ರಲ್ಲಿ ‘ಕೆಲಡೋನಿಯ’ ಎಂಬ ಹಡಗು ಒಡೆದು ಸತ್ತ ನಾವಿಕರು ಅಲ್ಲೇ ಮಲಗಿದ್ದಾರೆ. ಸುಗ್ಗಿಗೆ ಜನರನ್ನು ಕರೆದದ್ದು ಅದರ ಮರುವರ್ಷ. ಹೆಸರು ಗೊತ್ತಿಲ್ಲದ ಹೆಣಗಳನ್ನೂ ಅವನು ಲೆಕ್ಕಕ್ಕಿಲ್ಲವೆಂದು ಬಿಡಲಿಲ್ಲ ಎಂಬುದನ್ನು ಓದಿದಾಗ ನನಗೆ ನನ್ನದೇ ಒಂದು ತಪ್ಪು ನೆನಪಾಯಿತು. ಈ ಬರಹ ಅದರ ಬಗ್ಗೆ. ಇಷ್ಟು ಹೊತ್ತು ಸುತ್ತಿ ಬಳಸಿ ಬಂದದ್ದು, ಹೇಳಲು ಸ್ವಲ್ಪ ಮುಜುಗರವಾಗುತ್ತದೆಂದು.

ಕೆಲವು ವರ್ಷಗಳ ಹಿಂದಿನ ಹಬ್ಬ. ಆ ಬೆಳಿಗ್ಗೆ ನಾನು ಪ್ರಸಂಗಕ್ಕೆ ಆರಿಸಿಕೊಂಡದ್ದು ಮಾರ್ಕನ ಸುವಾರ್ತೆಯ 12ನೇ ಅಧ್ಯಾಯದ ಬಡ ವಿಧವೆಯ ಕತೆ. ಯೆರೂಸಲೇಮಿನ ದೇವಾಲಯದಲ್ಲಿ ಕಾಣಿಕೆ ಪೆಟ್ಟಿಗೆಯ ಎದುರು ಯೇಸು ಕುಳಿತಿದ್ದಾನೆ. ಶ್ರೀಮಂತರು ಬಹಳ ಹಣ ಹಾಕುತ್ತಾರೆ. ವಿಧವೆಯೊಬ್ಬಳು ಎರಡು ಪುಡಿ ನಾಣ್ಯ ಹಾಕುತ್ತಾಳೆ. ಅವಳೇ ಎಲ್ಲರಿಗಿಂತ ಹೆಚ್ಚು ಕೊಟ್ಟಳೆಂದು ಯೇಸು ಹೇಳುತ್ತಾನೆ. ನಾನು ಹಿಂದಿನ ರಾತ್ರಿ ಕುಳಿತು ಲೆಕ್ಕ ಮಾಡಿದ್ದೆ. ಅವಳ ನಾಣ್ಯದ ಹೆಸರು ಲೆಪ್ಟ. ಎರಡು ಲೆಪ್ಟ ಸೇರಿದರೆ ರೋಮನರ ಒಂದು ಕ್ವಾಡ್ರನ್ಸ್. ಅಂಥ 64 ಸೇರಿದರೆ ಒಂದು ದೆನಾರಿ, ಅಂದರೆ ಆಗಿನ ಒಬ್ಬ ಕೂಲಿಯಾಳಿನ ದಿನಗೂಲಿ. ನಮ್ಮ ಲೆಕ್ಕಕ್ಕೆ ಇಳಿಸಿ, ದಿನಕ್ಕೆ 640 ರೂಪಾಯಿ ಕೂಲಿ ಎಂದು ಹಿಡಿದರೆ, ಅವಳು ಹಾಕಿದ್ದು ಹತ್ತು ರೂಪಾಯಿ. ಯೆಹೂದ್ಯರ ಮಿಶ್ನಾ ಗ್ರಂಥದ ಪ್ರಕಾರ ಆ ದೇವಾಲಯದಲ್ಲಿ ಕೊಂಬಿನಾಕಾರದ ಹದಿಮೂರು ಕಾಣಿಕೆ ಪೆಟ್ಟಿಗೆಗಳಿದ್ದವು. ದೊಡ್ಡ ನಾಣ್ಯಗಳು ಅದರೊಳಗೆ ಸದ್ದು ಮಾಡುತ್ತಾ ಇಳಿದಿರಬೇಕು, ಇವಳದು ಯಾರಿಗೂ ಕೇಳಿರಲಿಕ್ಕಿಲ್ಲ ಎಂದೆ. ಪ್ರಸಂಗ ಇಪ್ಪತ್ತೆಂಟು ನಿಮಿಷ ಆಯಿತು, ಕೆಮ್ಮು ಬರಲಿಲ್ಲ. ನನಗೆ ನನ್ನ ಬಗ್ಗೆಯೇ ಸ್ವಲ್ಪ ಹೆಮ್ಮೆ ಅನ್ನಿಸಿತು.

ಏಲಂ ಶುರುವಾಯಿತು. ದೊಡ್ಡ ವಸ್ತುಗಳು ಮೊದಲು, ಅದು ಅಲ್ಲಿಯವರೆಗಿನ ಪದ್ಧತಿ. ಗೊನೆ, ಹಲಸು, ಕುಂಬಳ, ಹುಂಜ, ಏಳು ಸಲ ಮಾರಾಟವಾದ ಆ ಕಾಯಿ. ಒಂದೂವರೆ ಗಂಟೆ ದಾಟಿತು. ಅಡುಗೆಯವರು ಎರಡು ಸಲ ಬಂದು ಬಿರಿಯಾನಿ ಆರುತ್ತಿದೆ ಎಂದು ಹೇಳಿ ಹೋದರು. ಮಕ್ಕಳು ಅಳತೊಡಗಿದವು. ಮಾಸ್ಟ್ರ ಸ್ವರ ಬಿದ್ದಿತ್ತು. ಮೇಜಿನ ಮೇಲೆ ಇನ್ನೂ ಪುಡಿ ಸಾಮಾನು ಉಳಿದಿತ್ತು: ಡಬ್ಬಿಯಲ್ಲಿ ನಾಲ್ಕು ಊರಕೋಳಿ ಮೊಟ್ಟೆ, ಎಲೆಯಲ್ಲಿ ಒಂದು ಹಿಡಿ ಗಾಂಧಾರಿ ಮೆಣಸು, ಎರಡು ಲಿಂಬೆ, ಒಂದು ಸೋರೆಕಾಯಿ, ಬಾಳೆನಾರಿನಲ್ಲಿ ಬಿಗಿದ ಒಂದು ಕಟ್ಟು ಬಸಳೆ. ನಾನು ಮಾಸ್ಟ್ರ ಕಿವಿಯಲ್ಲಿ ಹೇಳಿದೆ: “ಇದಷ್ಟನ್ನೂ ಸೇರಿಸಿ ಒಂದೇ ಲಾಟು ಮಾಡಿಬಿಡಿ.” ಅವರು ಒಂದು ಬುಟ್ಟಿಗೆ ಸುರಿದರು. ಮುನ್ನೂರು ರೂಪಾಯಿಗೆ ಹೋಯಿತು. ಚಪ್ಪಾಳೆ. ಊಟ.

ಕೈ ತೊಳೆಯುವ ಕೊಳಾಯಿಯ ಹತ್ತಿರ ಒಬ್ಬ ಅಮ್ಮ ನಿಂತಿದ್ದರು. ಒಂಟಿ ಜೀವ, ಬೀಡಿ ಕಟ್ಟಿ ಬದುಕುತ್ತಾರೆ. ಅವರ ಮನೆಗೆ ಭೇಟಿಗೆ ಹೋದಾಗಲೆಲ್ಲ ನೋಡಿದ್ದೇನೆ: ಅಂಗಳದ ಮೂಲೆಯಲ್ಲಿ ನಾಲ್ಕು ಕಂಬದ ಚಪ್ಪರ, ಅದರ ತುಂಬ ಬಸಳೆ. ಅಕ್ಕಿ ತೊಳೆದ ನೀರು, ಒಲೆಯ ಬೂದಿ ಬಿಟ್ಟು ಬೇರೆ ಗೊಬ್ಬರವಿಲ್ಲ. ಎಲೆಗಳು ಅಂಗೈಯಗಲ.

“ಅಯ್ಯನವರೇ, ನನ್ನ ಬಸಳೆ ಎಷ್ಟಕ್ಕೆ ಹೋಯ್ತು?”

“ಎಲ್ಲ ಒಟ್ಟಿಗೆ ಮುನ್ನೂರಕ್ಕೆ ಹೋಯ್ತಮ್ಮ.”

“ಒಟ್ಟಿಗೆ ಅಲ್ಲ. ನನ್ನದು?”

ನಾನು ಏನೋ ಹೇಳಲು ಬಾಯಿ ತೆರೆದೆ. ಅವರು “ಆಯ್ತು, ಆಯ್ತು, ನೀವು ಊಟ ಮಾಡಿ” ಎಂದು ಕೊಡೆ ಬಿಡಿಸಿಕೊಂಡು ಗೇಟಿನ ಕಡೆ ನಡೆದರು.

ಪಾದ್ರಿಗಳ ಒಂದು ಕೆಟ್ಟ ಚಾಳಿಯೆಂದರೆ ಯಾವ ಸಂದರ್ಭಕ್ಕೂ ಒಂದು ವಚನ ಕೈಗೆ ಸಿಕ್ಕಿಬಿಡುತ್ತದೆ. ನನಗೂ ಸಿಕ್ಕಿತು: ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂಬರ್ಥದ ಮಾತು. ಕೊಟ್ಟ ಮೇಲೆ ಲೆಕ್ಕ ಕೇಳಬಾರದಲ್ಲವೇ ಎಂದು ಮನಸ್ಸಿನಲ್ಲೇ ಆ ಅಮ್ಮನಿಗೆ ಉಪದೇಶ ಮಾಡಿದೆ. ಬಿರಿಯಾನಿಯ ಎರಡನೇ ತುತ್ತಿಗೆ ಇನ್ನೊಂದು ಯೋಚನೆ ಬಂತು. ತೆಂಗಿನಕಾಯಿ ಏಳು ಸಲ ಕೂಗಿಸಿಕೊಂಡವರಿಗೆ, ಗೊನೆ ಗೆದ್ದು ಫೋಟೊ ತೆಗೆಸಿಕೊಂಡವರಿಗೆ ಈ ವಚನವನ್ನು ನಾನೇಕೆ ಹೇಳಲಿಲ್ಲ? ಅವರ ಎಡಗೈಗೆ ಮಾತ್ರವಲ್ಲ, ಬಸ್ ಸ್ಟ್ಯಾಂಡಿಗೂ ತಿಳಿದಿತ್ತು.

ಮತ್ತೊಂದು ವಿಷಯ ಹೊಳೆದದ್ದು ವಾರ ಕಳೆದ ಮೇಲೆ, ಆ ಅಮ್ಮನ ಮನೆಯ ಜಗಲಿಯಲ್ಲಿ ಕುಳಿತಾಗ. ಮಡಿಲಲ್ಲಿ ಮೊರ, ಎಲೆ, ಹೊಗೆಸೊಪ್ಪು, ನೂಲು. ಕೈ ಯಾರನ್ನೂ ಕಾಯುವುದಿಲ್ಲ. ಬಸಳೆಯ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬೀಡಿ ಬ್ರಾಂಚಿನ ಮಾತು ಬಂತು. ಅಲ್ಲಿ ಕಟ್ಟು ಕಟ್ಟಾಗಿ ಎಣಿಸುತ್ತಾರಂತೆ, ಸರಿಯಿಲ್ಲದ್ದನ್ನು ಬದಿಗೆ ತೆಗೆಯುತ್ತಾರಂತೆ, ಆಮೇಲೆ ಹೆಸರು ಹಿಡಿದು ಲೆಕ್ಕ ಹೇಳುತ್ತಾರಂತೆ. “ಕಮ್ಮಿ ಆದರೂ ಅಡ್ಡಿಲ್ಲ, ನನ್ನದು ಎಷ್ಟು ಅಂತ ಗೊತ್ತಾಗ್ತದೆ” ಎಂದರು, ಬೀಡಿಯ ಬಗ್ಗೆಯೇ.

ರಾತ್ರಿ ಮಾರ್ಕನ ಆ ನಾಲ್ಕು ವಚನಗಳನ್ನು ಮತ್ತೆ ಓದಿದೆ. ಪ್ರಸಂಗದಲ್ಲಿ ನಾಣ್ಯದ ಲೆಕ್ಕ ಹೇಳಿದ್ದೆ, ಪೆಟ್ಟಿಗೆಯ ಆಕಾರ ಹೇಳಿದ್ದೆ, ಮುಖ್ಯವಾದದ್ದನ್ನೇ ಬಿಟ್ಟಿದ್ದೆ. ಯೇಸು ಆ ವಿಧವೆಯ ಹತ್ತಿರ ಮಾತಾಡುವುದಿಲ್ಲ. ಅವಳಿಗೆ ಹಣ ಕೊಡುವುದಿಲ್ಲ, ಹೊಗಳುವುದಿಲ್ಲ. ಶಿಷ್ಯರನ್ನು ಹತ್ತಿರ ಕರೆದು ಅವಳ ಕಾಣಿಕೆ ಎಷ್ಟೆಂದು ಹೇಳುತ್ತಾನೆ, ಅಷ್ಟೇ. ಅಂದರೆ ಕೂಗುತ್ತಾನೆ. ಸದ್ದು ಮಾಡದೆ ಒಳಗೆ ಬಿದ್ದ ಎರಡು ನಾಣ್ಯವನ್ನು ಉಳಿದವರ ರಾಶಿಯಿಂದ ಬೇರೆ ಎತ್ತಿ ಹಿಡಿದು ಅದರ ಬೆಲೆ ಕೂಗಿದ ಒಬ್ಬನಾದರೂ ಆ ದಿನ ಅಲ್ಲಿದ್ದ. ನಮ್ಮ ಅಂಗಳದಲ್ಲಿ ಆ ಕೆಲಸ ನನ್ನದಾಗಿತ್ತು. ನಾನು ಬುಟ್ಟಿಗೆ ಸುರಿಸಿದೆ.

ಮುಂದಿನ ಸಭಾ ಸಮಿತಿಯ ಕೂಟದಲ್ಲಿ ಎರಡು ಸಲಹೆ ಮುಂದಿಟ್ಟೆ. ಲಾಟು ಮಾಡಬಾರದು. ಸಣ್ಣ ವಸ್ತುಗಳನ್ನು ಮೊದಲು ಕೂಗಬೇಕು, ಮಾಸ್ಟ್ರ ಸ್ವರವೂ ಜನರ ಉತ್ಸಾಹವೂ ತಾಜಾ ಇರುವಾಗಲೇ. ಖಜಾಂಚಿ ತಕರಾರು ಎತ್ತಿದರು: “ಊಟ ಮೂರು ಗಂಟೆಗೆ ಆಗ್ತದೆ ಅಯ್ಯನವರೇ. ಮತ್ತೆ ಮೆಣಸಿಗೆಲ್ಲ ರಶೀದಿ ಬರೆಯುವುದು ಯಾರು?” ಮಾಸ್ಟ್ರು ಮೇಜು ಗುದ್ದಿ, “ಮೆಣಸಾದರೂ ಕೂಗ್ತೇನೆ, ಕರಿಬೇವಾದರೂ ಕೂಗ್ತೇನೆ, ಲಿಂಬೆ ಷರಬತ್ತು ಕೊಡಿ” ಎಂದರು. ಠರಾವು ಪಾಸಾಯಿತು. ಷರಬತ್ತಿನ ಖರ್ಚನ್ನೂ ಅದರಲ್ಲೇ ಸೇರಿಸಿದೆವು.

ಮರುವರ್ಷದ ಹಬ್ಬದಲ್ಲಿ ಏಲಂ ಶುರುವಾದದ್ದೇ ಬಸಳೆಯಿಂದ. “ಬಸಳೆ, ಒಂದು ಕಟ್ಟು, ಎಲೆ ನೋಡಿ ಎಲೆ, ಇಪ್ಪತ್ತರಿಂದ ಶುರು!” ಸೀಗಡಿ ಹಾಕಿದ ಬಸಳೆ ಗಸಿಯ ನೆನಪು ಬಂದವರೆಲ್ಲ ಕೂಗಿದರು. ನೂರಾ ನಲವತ್ತಕ್ಕೆ ಮೂರು ಸಲ. ಹೆಂಗಸರ ಸಾಲಿನಲ್ಲಿ ಎರಡನೇ ಕುರ್ಚಿಯಿಂದ ಆ ಅಮ್ಮ ಕತ್ತು ಉದ್ದ ಮಾಡಿ ನೋಡಿದರು, ಯಾರು ಕೊಂಡರೆಂದು. ಆಮೇಲೆ ಕೊಂಡವರ ಬಳಿ ಹೋಗಿ ದಂಟು ಬಿಸಾಡಬೇಡಿ, ನೆಟ್ಟರೆ ಚಿಗುರುತ್ತದೆ ಎಂದು ಹೇಳುತ್ತಿದ್ದದ್ದು ನನಗೆ ಕೇಳಿಸಿತು. ಊಟ ಮೂರೂಕಾಲಿಗೆ ಆಯಿತು.

ಆ ದಿನ ಏಲಂನಲ್ಲಿ ಕೊನೆಗೆ ಉಳಿದದ್ದು ನನ್ನ ಹೆಂಡತಿ ಮಾಡಿದ ಕೇಕು. ಓವನ್ ಕೈಕೊಟ್ಟು ನಡುವೆ ಕುಸಿದಿತ್ತು. ಅಯ್ಯನವರ ಮನೆಯದೆಂದು ಮಾಸ್ಟ್ರು ಎಷ್ಟು ಹಿಗ್ಗಿಸಿ ವರ್ಣಿಸಿದರೂ ಕೂಗುವವರಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ನಗು ತಡೆದರು. ಮಾನ ಉಳಿಸಿಕೊಳ್ಳಲು ನಾನೇ ಕೈ ಎತ್ತಬೇಕೆಂದಿದ್ದೆ. ಅಷ್ಟರಲ್ಲಿ ಎರಡನೇ ಕುರ್ಚಿಯಿಂದ ಸ್ವರ ಬಂತು: “ಐವತ್ತು.” ಒಂದು ಸಲ, ಎರಡು ಸಲ, ಮೂರು ಸಲ. ಅವರು ಸೆರಗಿನ ಗಂಟು ಬಿಚ್ಚಿ ಹಣ ಎಣಿಸಿ ಕೊಟ್ಟು, ರಶೀದಿ ಕೇಳಿ ಪಡೆದು, ಕೇಕನ್ನು ಕಾಗದದಲ್ಲಿ ಸುತ್ತಿಸಿಕೊಂಡು ಹೋದರು.

ಮುಂದಿನ ಭಾನುವಾರ ಬಾಗಿಲಲ್ಲಿ ಕೈಕುಲುಕುವಾಗ, ಹೇಗಿತ್ತೆಂದು ನಾನು ಕೇಳಿದೆ.

“ಸ್ವಲ್ಪ ಗಟ್ಟಿ ಅಯ್ಯನವರೇ. ಚಾದಲ್ಲಿ ಅದ್ದಿದರೆ ಆಗ್ತದೆ. ಅಮ್ಮನವರಿಗೆ ಹೇಳಬೇಡಿ.”

ಹೇಳಿಲ್ಲ. ಅಮ್ಮನವರು ಈ ಅಂಕಣ ಓದುವುದಿಲ್ಲವೆಂಬ ಧೈರ್ಯದಲ್ಲಿ ಬರೆದಿದ್ದೇನೆ.